ಕಡಲು ಕಾಣದ ಊರಿನ ಕಡಲ ಹಬ್ಬ

ಒಡಿಶಾದ ಕಟಕ್ ಕಡಲ ದಂಡೆಯ ಊರಲ್ಲ, ಮಹಾನದಿ ದಂಡೆಯ ಊರು. ಹತ್ತಿರದ ದೊಡ್ಡ ಬಂದರು ಪಾರಾದೀಪ್ ಇರುವುದು ಅಲ್ಲಿಂದ ಸುಮಾರು ತೊಂಬತ್ತು ಕಿಲೋಮೀಟರ್ ಆಚೆ. ಹಾಗಿದ್ದೂ ಹಳೆಯ ಕಾಲದ ಸಮುದ್ರಯಾನವನ್ನು ನೆನೆಯಲು ಪ್ರತಿ ವರ್ಷ ಲಕ್ಷಗಟ್ಟಲೆ ಜನ ಸೇರುವುದು ಇದೇ ಊರಿನಲ್ಲಿ. ಅದರ ಹೆಸರು ಬಾಲಿ ಜಾತ್ರೆ. ಕಾರ್ತಿಕ ಹುಣ್ಣಿಮೆಯಂದು ಶುರುವಾಗಿ ಒಂದು ವಾರಕ್ಕೆ ಕಡಿಮೆಯಿಲ್ಲದಂತೆ ನಡೆಯುತ್ತದೆ. ಕಳಿಂಗದ ವರ್ತಕರು ಹಡಗೇರಿ ಬಾಲಿ, ಜಾವಾ, ಸುಮಾತ್ರಾ, ಸಿಂಹಳಗಳಿಗೆ ಹೋಗುತ್ತಿದ್ದರು, ಅವರನ್ನು ಬೀಳ್ಕೊಟ್ಟ ದಿನದ ನೆನಪು ಇದು ಎಂಬುದು ಅಲ್ಲಿನವರ ನಂಬಿಕೆ.

ಮೈಸೂರು, ಮಂಡ್ಯದ ಕಡೆಯ ನಮಗೆ ಸಮುದ್ರ ಅಂದರೆ ಉಡುಪಿಗೋ ಮುರುಡೇಶ್ವರಕ್ಕೋ ಟ್ರಿಪ್ ಹೋದಾಗ ಪ್ಯಾಂಟು ಮಡಚಿಕೊಂಡು ನಿಲ್ಲುವ ಜಾಗ. ಕಡಲಿನ ಚರಿತ್ರೆ ಕರಾವಳಿಯವರಿಗೆ, ಕಾವೇರಿಯ ಚರಿತ್ರೆ ನಮಗೆ ಎಂದು ಹಂಚಿಕೊಂಡುಬಿಟ್ಟಿದ್ದೇವೆ. ಕಟಕ್‌ನ ಜಾತ್ರೆಯನ್ನು ಒಂದಿಷ್ಟು ಬಿಡಿಸಿ ನೋಡಿದರೆ ಈ ಪಾಲುಪಟ್ಟಿ ನಿಲ್ಲುವುದಿಲ್ಲ. ಬಂದರು ಅನ್ನುವುದು ಹಡಗು ಬಂದು ನಿಲ್ಲುವ ತುದಿ ಮಾತ್ರ. ಹಡಗಿಗೆ ತುಂಬುವ ಸರಕು ಬರುವುದು ಒಳನಾಡಿನಿಂದ, ಹಡಗು ತಂದದ್ದು ಹೋಗಿ ಸೇರುವುದೂ ಒಳನಾಡಿಗೇ. ಆದ್ದರಿಂದ ಮಹಾನದಿ ದಂಡೆಯವರು ಕಡಲ ಹಬ್ಬ ಮಾಡುವುದರಲ್ಲಿ ಆಶ್ಚರ್ಯಪಡುವಂಥದ್ದೇನಿಲ್ಲ. ಕಾವೇರಿ ದಂಡೆಯವರು ಮಾಡದೆ ಇರುವುದೇ ಆಶ್ಚರ್ಯ.

ಮೊದಲು ಆಚರಣೆಯ ವಿಷಯ. ಹುಣ್ಣಿಮೆಯ ದಿನ ಬೆಳಕು ಹರಿಯುವ ಮುಂಚೆಯೇ ಒಡಿಶಾದ ಜನ ನದಿ, ಕೆರೆ, ಸಮುದ್ರ, ಯಾವುದು ಹತ್ತಿರವೋ ಅಲ್ಲಿಗೆ ಹೋಗುತ್ತಾರೆ. ಹಡಗಿಗೆ ಕೈಮುಗಿಯುವ ಈ ವಿಧಿಗೆ ಬೊಯಿತ ಬಂದಾಣ ಎನ್ನುತ್ತಾರೆ. ಕಟಕ್‌ನಲ್ಲಿ ಇದರ ಮುಖ್ಯ ಜಾಗ ಬಾರಾಬತಿ ಕೋಟೆಯ ಬಳಿಯ ಗಡಗಡಿಯಾ ಘಾಟ್. ಕೈಯಲ್ಲಿ ಒಂದು ಪುಟ್ಟ ದೋಣಿ ಇರುತ್ತದೆ. ಬಾಳೆಪಟ್ಟೆಯನ್ನು ಕತ್ತರಿಸಿ, ಎರಡೂ ತುದಿ ಮಡಚಿ ಕಡ್ಡಿ ಚುಚ್ಚಿದರೆ ದೋಣಿಯ ಒಡಲು ಆಯಿತು. ಬೆಂಡಿನಲ್ಲಿ, ಬಣ್ಣದ ಕಾಗದದಲ್ಲಿ ಮಾಡಿದ್ದೂ ಉಂಟು. ಅದರೊಳಗೆ ಒಂದು ದೀಪ, ಹೂವು, ವೀಳ್ಯದೆಲೆ, ಅಡಿಕೆ, ಒಂದು ನಾಣ್ಯ. ನೀರಿಗೆ ಬಿಡುವಾಗ ಎಲ್ಲರೂ ಹೇಳುವ ಒಂದು ಸಾಲಿದೆ. ಆಷಾಢ, ಕಾರ್ತಿಕ, ಮಾರ್ಗಶಿರ, ವೈಶಾಖ ಈ ನಾಲ್ಕು ತಿಂಗಳ ಹೆಸರುಗಳ ಮೊದಲ ಅಕ್ಷರಗಳನ್ನು ಪೋಣಿಸಿ, ಎಲೆ ಅಡಿಕೆ ಇಟ್ಟೆವು ಎನ್ನುತ್ತದೆ ಆ ಸಾಲು. ಅವು ಸಮುದ್ರಯಾನದ ತಿಂಗಳುಗಳು ಎಂದು ಅಲ್ಲಿನ ಹಿರಿಯರು ಅರ್ಥ ಹೇಳುತ್ತಾರೆ.

ಹೊರಡುವುದಕ್ಕೆ ಕಾರ್ತಿಕವೇ ಏಕೆ? ಇದು ಬರೀ ಶುಭಮುಹೂರ್ತದ ಪ್ರಶ್ನೆಯಲ್ಲ, ಗಾಳಿಯ ಪ್ರಶ್ನೆ. ಮಂಡ್ಯದವರಿಗೆ ಇದನ್ನು ತಿಳಿಸಲು ಕನ್ನಂಬಾಡಿ ಕಟ್ಟೆಯೇ ಸಾಕು. ಜೂನ್ ಕಳೆಯುತ್ತಿದ್ದಂತೆ ಟೀ ಅಂಗಡಿಯಲ್ಲಿ ಮಾತು ಶುರುವಾಗುತ್ತದೆ: ಕಟ್ಟೆ ಎಷ್ಟಾಯ್ತು, ನೂರಡಿ ದಾಟ್ತಾ, ಈ ಸಲ 124.80 ಮುಟ್ಟುತ್ತಾ? ಕೊಡಗಿನಲ್ಲಿ ಮಳೆ ಸುರಿಸಿ ಕಟ್ಟೆ ತುಂಬಿಸುವುದು ನೈಋತ್ಯದ ಗಾಳಿ. ಬೇಸಿಗೆಯಲ್ಲಿ ನೆಲ ಬೇಗ ಕಾಯುತ್ತದೆ, ಸಮುದ್ರ ನಿಧಾನವಾಗಿ ಕಾಯುತ್ತದೆ. ಉತ್ತರ ಭಾರತದ ಬಯಲು ಕಾದು ಅಲ್ಲಿನ ಗಾಳಿ ಮೇಲೆದ್ದು ಒತ್ತಡ ಕುಸಿದಾಗ, ಆ ಜಾಗ ತುಂಬಲು ದಕ್ಷಿಣ ಗೋಲಾರ್ಧದಿಂದಲೇ ಗಾಳಿ ಹೊರಡುತ್ತದೆ. ಸಮಭಾಜಕ ದಾಟಿದ ಮೇಲೆ ಭೂಮಿ ತಿರುಗುವುದರಿಂದ ಅದು ಬಲಕ್ಕೆ ವಾಲಿ, ನಮಗೆ ನೈಋತ್ಯ ದಿಕ್ಕಿನಿಂದ ಬಂದು ತಾಗುತ್ತದೆ. ಚಳಿಗಾಲದಲ್ಲಿ ಎಲ್ಲ ತಲೆಕೆಳಗು. ನೆಲ ಬೇಗ ತಣಿಯುತ್ತದೆ, ಸಮುದ್ರ ಇನ್ನೂ ಬೆಚ್ಚಗಿರುತ್ತದೆ, ಗಾಳಿ ನೆಲದಿಂದ ನೀರಿಗೆ, ಈಶಾನ್ಯದಿಂದ ಬೀಸುತ್ತದೆ.

ಹಾಯಿ ಹಡಗಿನವನಿಗೆ ಈ ಎರಡು ಗಾಳಿಗಳೇ ಎರಡು ದಾರಿ. ಕಾರ್ತಿಕದ ಹೊತ್ತಿಗೆ ಈಶಾನ್ಯದ ಗಾಳಿ ಬಲವಾಗತೊಡಗುತ್ತದೆ. ಬಂಗಾಳ ಕೊಲ್ಲಿಯಲ್ಲಿ ಭಾರತದ ಪೂರ್ವ ಕರಾವಳಿಗುಂಟ ನೀರಿನ ಹರಿವು ಕೂಡ ಅಕ್ಟೋಬರ್ ನಂತರ ದಕ್ಷಿಣಕ್ಕೆ ತಿರುಗುತ್ತದೆ. ಗಾಳಿಯೂ ನೀರೂ ಒಂದೇ ಕಡೆ ನೂಕುವಾಗ ಕಳಿಂಗದಿಂದ ಸಿಂಹಳದ ಕಡೆಗೆ ಇಳಿಯುವುದು ಸುಲಭ. ಅಲ್ಲಿಂದ ಮುಂದೆ ಪೂರ್ವದ ದ್ವೀಪಗಳು. ಹಿಂತಿರುಗುವವರು ಮುಂದಿನ ಮುಂಗಾರಿನ ಗಾಳಿಗೆ ಕಾಯಬೇಕು. ಅಂದರೆ ನಮ್ಮ ಕಟ್ಟೆಗೆ ನೀರು ತರುವ ಗಾಳಿಯೇ ಅವರ ಗಂಡಸರನ್ನು ಮನೆಗೆ ತರುತ್ತಿದ್ದ ಗಾಳಿ. ಹೊರಡುವುದಾದರೂ ನಿಶ್ಚಿಂತೆಯ ಕೆಲಸವಲ್ಲ. ಬಂಗಾಳ ಕೊಲ್ಲಿಯ ಚಂಡಮಾರುತಗಳ ಕಾಲವೂ ಇದೇ. ಒಡಿಶಾವನ್ನು ನೆಲಕಚ್ಚಿಸಿದ ಮಹಾ ಚಂಡಮಾರುತ ಪಾರಾದೀಪ್ ಬಳಿ ದಡಕ್ಕೆ ಅಪ್ಪಳಿಸಿದ್ದು 1999ರ ಅಕ್ಟೋಬರ್ 29ರಂದು. ಬಾಳೆ ದೋಣಿಯಲ್ಲಿಡುವ ದೀಪ ಅಂದಕ್ಕೆ ಇಟ್ಟದ್ದಲ್ಲ ಎಂಬುದು ಇದನ್ನು ನೆನೆದರೆ ಅರ್ಥವಾಗುತ್ತದೆ.

ಈಗ ಇದರೊಳಗಿನ ದೊಡ್ಡ ವಿಷಯಕ್ಕೆ ಬರೋಣ. ಗಾಳಿ ತಿರುಗುವವರೆಗೆ ಹಡಗು ಹೊರಡುವಂತಿಲ್ಲ. ಹೋದವರು ಹೋದಲ್ಲಿ ಐದಾರು ತಿಂಗಳು ಕೂರಲೇಬೇಕು. ಸಂಸ್ಕೃತಿಗಳು ಬೆರೆತವು ಎಂದು ಶಾಲೆಯ ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಓದಿ ಮುಗಿಸುತ್ತೇವಲ್ಲ, ಆ ಬೆರಕೆ ನಡೆದದ್ದು ಈ ಕಾಯುವ ತಿಂಗಳುಗಳಲ್ಲಿ. ಸರಕು ಇಡಲು ಕೋಠಿ ಬೇಕು, ಸಾಲ ಕೊಡುವವರು ಬೇಕು, ಊಟ ಬೇಕು, ಭಾಷೆ ಬೇಕು, ಹಬ್ಬಕ್ಕೊಂದು ದೇವರ ಮನೆ ಬೇಕು. ಕೆಲವರು ಅಲ್ಲೇ ಮದುವೆಯಾದರು. ಇದಕ್ಕೆ ಒಂದು ಒಳ್ಳೆಯ ಉದಾಹರಣೆ ನಮ್ಮ ಮಂಗಳೂರಿನಲ್ಲೇ ಇದೆ. ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ, ಈಗಿನ ಟ್ಯುನೀಷ್ಯಾದವನು, 12ನೇ ಶತಮಾನದಲ್ಲಿ ಮಂಗಳೂರಿಗೆ ಬಂದು ಸುಮಾರು ಹದಿನೇಳು ವರ್ಷ ನೆಲೆಸಿದ. ಹಿತ್ತಾಳೆ, ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದ. ಆಶು ಎಂಬ ಇಲ್ಲಿನ ಹೆಣ್ಣನ್ನು ಮದುವೆಯಾದ. ಏಡನ್‌ನ ಗೆಳೆಯರು ಅವನಿಗೆ ಬರೆದ ಕಾಗದಗಳು ಕೈರೋದ ಒಂದು ಯಹೂದಿ ಮಂದಿರದ ಹಳೆ ಕಾಗದಗಳ ಕೋಣೆಯಲ್ಲಿ ಉಳಿದುಕೊಂಡದ್ದರಿಂದ ಇಷ್ಟೆಲ್ಲ ನಮಗೆ ಗೊತ್ತು. ಅವನು ಮಂಗಳೂರಿನಲ್ಲಿದ್ದ ಕಾಲದಲ್ಲೇ ಘಟ್ಟದ ಮೇಲೆ, ನಮ್ಮ ಸೀಮೆಯಲ್ಲಿ, ಹೊಯ್ಸಳ ವಿಷ್ಣುವರ್ಧನ ಆಳುತ್ತಿದ್ದ. ಭಟ್ಕಳದ ನವಾಯತರು, ಮಂಗಳೂರಿನ ಬ್ಯಾರಿಗಳ ಹಿನ್ನೆಲೆಯಲ್ಲೂ ಅರಬ್ಬೀ ಸಮುದ್ರದ ಇಂಥದ್ದೇ ವ್ಯಾಪಾರದ ನಂಟಿದೆ.

ಕಾಯುವವರು ಎರಡೂ ಕಡೆ ಇದ್ದರು. ಒಡಿಶಾದಲ್ಲಿ ಭಾದ್ರಪದದ ಭಾನುವಾರಗಳಂದು ಮದುವೆಯಾಗದ ಹೆಣ್ಣುಮಕ್ಕಳು ಖುದುರುಕುಣಿ ಎಂಬ ವ್ರತ ಹಿಡಿದು ಮಂಗಳಾ ದೇವಿಯನ್ನು ಪೂಜಿಸುತ್ತಾರೆ. ಅದರಲ್ಲಿ ತಾಪೋಯಿ ಎಂಬ ಹುಡುಗಿಯ ಕಥೆ ಬರುತ್ತದೆ. ಶ್ರೀಮಂತ ವರ್ತಕನ ಮುದ್ದಿನ ಮಗಳು. ಏಳು ಜನ ಅಣ್ಣಂದಿರು ಹಡಗು ಹತ್ತಿ ಹೋದ ಮೇಲೆ ಅತ್ತಿಗೆಯರು ಅವಳನ್ನು ಆಡು ಮೇಯಿಸಲು ಕಾಡಿಗೆ ಅಟ್ಟುತ್ತಾರೆ, ಹೊಟ್ಟೆಗೂ ಸರಿಯಾಗಿ ಹಾಕುವುದಿಲ್ಲ. ದೇವಿಯನ್ನು ಬೇಡಿಕೊಂಡ ಮೇಲೆ ಅಣ್ಣಂದಿರು ಹಿಂತಿರುಗುತ್ತಾರೆ. ಹಡಗು ಎಷ್ಟು ಉದ್ದ, ಎಷ್ಟು ಚಿನ್ನ ತಂದಿತು ಎಂಬ ಲೆಕ್ಕಕ್ಕಿಂತ ಈ ಕಥೆ ನನಗೆ ಹೆಚ್ಚು ನಂಬಿಕೆಯದಾಗಿ ಕಾಣುತ್ತದೆ. ದುಡಿಯುವ ಗಂಡಸರು ವರ್ಷಗಟ್ಟಲೆ ಇಲ್ಲದ ಮನೆಯೊಳಗೆ ಏನಾಗುತ್ತದೆ ಎಂಬುದನ್ನು ಯಾವ ಶಾಸನವೂ ಬರೆದಿಡಲಿಲ್ಲ, ಹೆಂಗಸರ ವ್ರತಕಥೆ ಬರೆದಿಟ್ಟಿತು.

ಹಾಗಾದರೆ ಈ ಹಬ್ಬ ಎಷ್ಟು ಹಳೆಯದು, ಇದರಲ್ಲಿ ಚರಿತ್ರೆ ಎಷ್ಟು, ನೆನಪು ಎಷ್ಟು? ಈಗ ಕಾಣುವ ಜಾತ್ರೆಯ ರೂಪ, ಮಳಿಗೆಗಳು, ವೇದಿಕೆಗಳು ಇತ್ತೀಚಿನವು. ಆದರೆ ಸಮುದ್ರದಾಚೆಯ ನಂಟು ಬರೀ ಕಥೆಯಲ್ಲ. ಬಾಲಿಯ ಉತ್ತರ ದಂಡೆಯ ಸೆಂಬಿರನ್ ಎಂಬಲ್ಲಿ ಅಗೆದಾಗ ಸುಮಾರು ಎರಡು ಸಾವಿರ ವರ್ಷ ಹಿಂದಿನ ಭಾರತದ ಮಡಕೆ ಚೂರುಗಳು ಸಿಕ್ಕಿವೆ. ನುಣುಪಾದ ತಟ್ಟೆಯ ಒಳತಳದಲ್ಲಿ, ಹಲ್ಲಿರುವ ಪುಟ್ಟ ಚಕ್ರ ಉರುಳಿಸಿದಂತೆ, ಸಣ್ಣ ಸಣ್ಣ ಗೀರುಗಳು ಸುತ್ತುಸುತ್ತಾಗಿ ಮೂಡಿರುವ ಮಡಕೆ ಅದು. ಇದೇ ಜಾತಿಯ ಚೂರುಗಳು ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕಿವೆ. ಮೈಸೂರಿನ ಪ್ರಾಚ್ಯವಸ್ತು ಇಲಾಖೆಯ ಎಂ.ಎಚ್. ಕೃಷ್ಣ 1929ರ ಹೊತ್ತಿಗೆ ಅಲ್ಲಿ ಅಗೆದರು, 1947ರಲ್ಲಿ ಮಾರ್ಟಿಮರ್ ವೀಲರ್ ಬಂದು ಮತ್ತೆ ಅಗೆದರು. ಅದೇ ಚಂದ್ರವಳ್ಳಿಯಲ್ಲಿ ರೋಮ್‌ನ ಚಕ್ರವರ್ತಿಗಳಾದ ಅಗಸ್ಟಸ್, ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯಗಳೂ ದೊರೆತವು. ಸಮುದ್ರದಿಂದ ಇನ್ನೂರು ಕಿಲೋಮೀಟರ್ ಒಳಗಿರುವ ಬಂಡೆಗಳ ಊರಿನ ಮಣ್ಣಿನಲ್ಲಿ ಪಶ್ಚಿಮದ ಹಡಗಿನ ದುಡ್ಡೂ ಇದೆ, ಪೂರ್ವದ ದ್ವೀಪಗಳಿಗೆ ಹೋದಂಥ ತಟ್ಟೆಯೂ ಇದೆ.

ಇದಕ್ಕಿಂತ ನೇರವಾದದ್ದು ಐಹೊಳೆಯ ನಂಟು. ಅಯ್ಯಾವೊಳೆ ಐನೂರ್ವರು ಎಂಬ ವರ್ತಕರ ಸಂಘ ಐಹೊಳೆಯ ಹೆಸರು ಹೊತ್ತು ದಕ್ಷಿಣ ಭಾರತವನ್ನೆಲ್ಲ ಸುತ್ತಿದ್ದು ಗೊತ್ತೇ ಇದೆ. ಅವರ ಕನ್ನಡ ಶಾಸನಗಳಲ್ಲಿ ತಾವು ಮಾರುವ ಆನೆ, ಕುದುರೆ, ರತ್ನ, ಸುಗಂಧದ್ರವ್ಯಗಳ ಪಟ್ಟಿಯೂ, ತಾವು ತಿರುಗುವ ದೇಶಗಳ ಪಟ್ಟಿಯೂ ಜಂಬದಿಂದಲೇ ಬರುತ್ತದೆ. ಸುಮಾತ್ರಾ ದ್ವೀಪದ ಪಶ್ಚಿಮ ದಂಡೆಯಲ್ಲಿ, ಕರ್ಪೂರಕ್ಕೆ ಹೆಸರಾದ ಬರುಸ್ ಎಂಬಲ್ಲಿ, ಶಕ 1010ರ, ಅಂದರೆ 1088ರ, ತಮಿಳು ಶಾಸನವೊಂದು ಸಿಕ್ಕಿದೆ. ಅದು ಇದೇ ಐನೂರ್ವರ ಸಂಘದ್ದು. ಬಾದಾಮಿ ಪಕ್ಕದ ಒಣಭೂಮಿಯ ಊರಿನ ಹೆಸರಿನಲ್ಲಿ ಬೆಳೆದ ಸಂಘ, ತಮಿಳಿನಲ್ಲಿ ಬರೆದ ಕಲ್ಲು, ಇಂಡೊನೇಷ್ಯಾದ ನೆಲ. ಯಾವ ರಾಜ್ಯದವರು ಇದನ್ನು ತಮ್ಮದು ಎನ್ನಬೇಕು? ಹಾಗೆ ಕೇಳುವುದೇ ಆ ವರ್ತಕರಿಗೆ ವಿಚಿತ್ರವಾಗಿ ಕಂಡೀತು.

ಶಕ ಎಂದೆನಲ್ಲ. ನಮ್ಮ ಲಗ್ನಪತ್ರಿಕೆಯ ತಲೆಯಲ್ಲಿ ಶಾಲಿವಾಹನ ಶಕ ಇಷ್ಟನೇ ಎಂದು ಅಚ್ಚು ಹಾಕಿಸುತ್ತೇವೆ. ಬಾಲಿಯವರೂ ವರ್ಷ ಎಣಿಸುವುದು ಶಕದಲ್ಲೇ. ಅವರ ಹೊಸ ವರ್ಷದ ದಿನ ನ್ಯೇಪಿ. ಅಂದು ದೀಪ ಹಚ್ಚುವುದಿಲ್ಲ, ಕೆಲಸ ಮಾಡುವುದಿಲ್ಲ, ಬೀದಿಗೆ ಬರುವುದಿಲ್ಲ, ವಿಮಾನ ನಿಲ್ದಾಣವನ್ನೂ ಒಂದು ದಿನ ಮುಚ್ಚುತ್ತಾರೆ. ಅಧಿಕಮಾಸ ಹಾಕುವ ಲೆಕ್ಕ ಬೇರೆಯಾದ್ದರಿಂದ ನಮ್ಮ ಯುಗಾದಿಗೂ ಅದಕ್ಕೂ ಕೆಲವು ವರ್ಷ ತಿಂಗಳ ಅಂತರ ಬೀಳುತ್ತದೆ. ಆದರೆ 2023ರಲ್ಲಿ ಎರಡೂ ಮಾರ್ಚ್ 22ರಂದೇ ಬಂದವು, ಎರಡೂ ಕಡೆ ಶುರುವಾದದ್ದು ಶಕ 1945. ಇಲ್ಲಿ ಬೇವು ಬೆಲ್ಲ, ಮಾರನೆ ದಿನ ಹೊಸತೊಡಕು. ಅಲ್ಲಿ ಇಡೀ ದ್ವೀಪಕ್ಕೆ ಮೌನ.

ಒಂದು ಎಚ್ಚರಿಕೆ ಮಾತ್ರ ಬೇಕು. ಇಂಥ ಹಬ್ಬಗಳ ಭಾಷಣಗಳಲ್ಲಿ ನಮ್ಮವರು ಹೋದರು, ಅವರಿಗೆ ಕಲಿಸಿದರು ಎಂಬ ಧಾಟಿ ಬೇಗ ಬಂದುಬಿಡುತ್ತದೆ. ದೋಣಿಯ ವಿದ್ಯೆಯಲ್ಲಿ ಆ ದ್ವೀಪಗಳವರು ನಮಗಿಂತ ಹಿಂದೆ ಇರಲಿಲ್ಲ. ಜಾವಾದ ಬೊರೊಬುದುರ್ ಸ್ತೂಪದ ಗೋಡೆಗಳಲ್ಲಿ, ಸುಮಾರು 1200 ವರ್ಷ ಹಿಂದೆ ಕೆತ್ತಿದ ಹಡಗುಗಳಿವೆ. ಅಲೆಗೆ ಮಗುಚದಂತೆ ಪಕ್ಕಕ್ಕೆ ತೇಲುಗಂಬ ಕಟ್ಟಿದ ಅವು ಆ ಸೀಮೆಯದೇ ಹಡಗುಗಳು. ಆ ಚಿತ್ರ ನೋಡಿ ಕಟ್ಟಿದ ಒಂದು ಹಡಗು 2003-04ರಲ್ಲಿ ಇಂಡೊನೇಷ್ಯಾದಿಂದ ಹೊರಟು ಆಫ್ರಿಕಾ ಸುತ್ತಿ ಘಾನಾ ಮುಟ್ಟಿತು. ಅಂದರೆ ಅವರೂ ಬಂದರು, ನಾವೂ ಹೋದೆವು.

ಅವರು ಬಂದಾಗ ಏನು ತಂದರು? ಇಲ್ಲಿ ಕಟಕ್‌ನ ಪುಟ್ಟ ದೋಣಿಯನ್ನು ಮತ್ತೊಮ್ಮೆ ಹತ್ತಿರದಿಂದ ನೋಡಬೇಕು. ಬಾಳೆಯನ್ನು ಮೊದಲು ಪಳಗಿಸಿ ಬೆಳೆದದ್ದು ನ್ಯೂಗಿನಿ ಮತ್ತು ಆಗ್ನೇಯ ಏಷ್ಯಾದ ಸೀಮೆಯಲ್ಲಿ. ವೀಳ್ಯದೆಲೆಯ ಬಳ್ಳಿಯೂ ಅಡಿಕೆ ಮರವೂ ಆ ಕಡೆಯವೇ. ಬಾಲಿಯ ಕಡೆಗೆ ಬಿಡುವ ಆ ದೋಣಿಯ ಒಡಲು, ಅದರಲ್ಲಿಟ್ಟ ಎಲೆ, ಅಡಿಕೆ ಎಲ್ಲವೂ ಯಾವುದೋ ಕಾಲದಲ್ಲಿ ಆ ದಿಕ್ಕಿನಿಂದಲೇ ಈ ದೇಶಕ್ಕೆ ಬಂದವು. ಮೈಸೂರಿಗೆ ಇದು ಬರೀ ದೂರದ ಸಂಗತಿಯಲ್ಲ. ನಂಜನಗೂಡು ರಸ್ತೆಯ ಕಡೆಯ ತೋಟಗಳ ವೀಳ್ಯದೆಲೆಗೆ ಮೈಸೂರು ವೀಳ್ಯದೆಲೆ ಎಂದು ಭೌಗೋಳಿಕ ಗುರುತಿನ ಮಾನ್ಯತೆಯೇ ಇದೆ. ಕಟ್ಟೆ ತುಂಬಿದಾಗ ಕಾವೇರಿಗೆ ಕೊಡುವ ಬಾಗಿನದ ಮೊರದಲ್ಲೂ ಎಲೆ ಅಡಿಕೆ ಇದ್ದೇ ಇರುತ್ತದೆ.

ಇನ್ನು ಮಂಡ್ಯದ ತಟ್ಟೆ. ಮುದ್ದೆಯ ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು, ಈಗಿನ ಇಥಿಯೋಪಿಯಾ, ಉಗಾಂಡಾ ಸೀಮೆ. ಸಾವಿರಾರು ವರ್ಷಗಳ ಹಿಂದೆಯೇ ಅದು ಇಲ್ಲಿಗೆ ಬಂದು, ನಮ್ಮ ಕೆಂಪು ಮಣ್ಣಿಗೆ ಹೊಂದಿಕೊಂಡು, ಇಲ್ಲಿಯದೇ ಆಗಿಹೋಯಿತು. ಆ ನಂಟಿಗೆ ಎರಡನೇ ಅಧ್ಯಾಯ ಬರೆದದ್ದು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂ. ಅಲ್ಲಿ ದುಡಿದ ಲಕ್ಷ್ಮಣಯ್ಯನವರನ್ನು ರೈತರು ರಾಗಿ ಲಕ್ಷ್ಮಣಯ್ಯ ಎಂದೇ ಕರೆಯುತ್ತಿದ್ದರು. ರಾಗಿಯ ಹೂವು ತೀರಾ ಸಣ್ಣದು, ತನ್ನ ಪರಾಗದಿಂದಲೇ ತಾನು ಕಾಳು ಕಟ್ಟುವ ಬೆಳೆ. ಆದ್ದರಿಂದ ಒಂದಕ್ಕೊಂದು ಕೂಡಿಸಿ ಹೊಸ ತಳಿ ತೆಗೆಯುವುದು ಬಲು ಕಷ್ಟ. ಅವರು ನಮ್ಮ ತಳಿಗಳಿಗೆ ಆಫ್ರಿಕಾದ ತಳಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು, ಇಳುವರಿ ಏರಿತು. ಒಮ್ಮೆ ಕಡಲು ದಾಟಿ ಬಂದ ಕಾಳಿಗೆ, ಎಷ್ಟೋ ತಲೆಮಾರುಗಳ ಮೇಲೆ, ತವರಿನ ಸಂಬಂಧ ಮತ್ತೆ ಕೂಡಿಬಂದದ್ದು ಮಂಡ್ಯದಲ್ಲಿ. ಸಾರಿಗೆ ಹಾಕುವ ಮೆಣಸಿನಕಾಯಿ, ಟೊಮೆಟೊ, ಪರಿಷೆಯ ಕಡಲೆಕಾಯಿ ಇವೆಲ್ಲ ಅಮೆರಿಕದಿಂದ ಯುರೋಪಿನವರ ಹಡಗುಗಳಲ್ಲಿ ಬಂದ ಕಥೆ ಎಲ್ಲರೂ ಕೇಳಿದ್ದೇ, ಅದನ್ನು ಇಲ್ಲಿ ಬಿಡೋಣ.

ಕಬ್ಬಿನ ಕಥೆ ಮಾತ್ರ ಬಿಡುವಂತಿಲ್ಲ. ರಸಭರಿತ ದಪ್ಪ ಕಬ್ಬಿನ ಮೂಲವೂ ನ್ಯೂಗಿನಿ. 20ನೇ ಶತಮಾನದ ಮೊದಲಲ್ಲಿ ಜಾವಾದ ಸಕ್ಕರೆ ಹಡಗುಗಟ್ಟಲೆ ಭಾರತಕ್ಕೆ ಬರುತ್ತಿತ್ತು, ಇಲ್ಲಿನ ಸಕ್ಕರೆ ಅದರ ಬೆಲೆಗೆ ನಿಲ್ಲುತ್ತಿರಲಿಲ್ಲ. 1932ರಲ್ಲಿ ಸರ್ಕಾರ ಆಮದು ಸಕ್ಕರೆಗೆ ಸುಂಕ ಹಾಕಿ ದೇಶೀ ಕಾರ್ಖಾನೆಗಳಿಗೆ ರಕ್ಷಣೆ ಕೊಟ್ಟಿತು. ಅದರ ಮರುವರ್ಷ, 1933ರಲ್ಲಿ, ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ಹುಟ್ಟಿತು. ಕನ್ನಂಬಾಡಿಯ ನೀರು ಇತ್ತು, ನಾಲೆ ಇತ್ತು, ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅವರ ಹಟ ಇತ್ತು. ಇದೆಲ್ಲ ನಾವು ಹೇಳಿಕೊಳ್ಳುವ ಕಥೆ. ಜಾವಾದ ಹಡಗುಗಳಿಗೆ ಬಾಗಿಲು ಹಾಕಿದ್ದೂ ಅದರ ಒಂದು ಭಾಗ ಎಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ತಮಾಷೆ ಎಂದರೆ ಮುಂದೆ ದಕ್ಷಿಣ ಭಾರತದಲ್ಲೆಲ್ಲ ಹೆಸರು ಮಾಡಿದ, ಕೊಯಮತ್ತೂರಿನ ಕೋ 419 ಕಬ್ಬಿನ ಹೆತ್ತ ತಳಿಗಳಲ್ಲಿ ಒಂದು ಜಾವಾದ್ದೇ. ಸಕ್ಕರೆಗೆ ಸುಂಕ ಹಾಕಿದೆವು, ಕಬ್ಬಿನ ಸಂಬಂಧ ಉಳಿಸಿಕೊಂಡೆವು.

ಹಡಗು ನಿಂತದ್ದರಿಂದ ಹುಟ್ಟಿದ ಇನ್ನೊಂದು ಉದ್ಯಮ ಮೈಸೂರಿನಲ್ಲಿದೆ. ಮೊದಲ ಮಹಾಯುದ್ಧಕ್ಕೆ ಮುಂಚೆ ನಮ್ಮ ಕಾಡಿನ ಶ್ರೀಗಂಧದ ಮರ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಯುದ್ಧ ಹತ್ತಿ ಸಮುದ್ರದ ದಾರಿ ಮುಚ್ಚಿತು, ಮರ ಗೋದಾಮಿನಲ್ಲೇ ಉಳಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ 1916-17ರಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಗಂಧದೆಣ್ಣೆ ಕಾರ್ಖಾನೆ ತೆರೆದದ್ದು ಆ ಕಾರಣಕ್ಕೆ.

ಇಷ್ಟೆಲ್ಲ ಇದ್ದೂ ನಮಗೆ ಕಡಲು ನಮ್ಮದಲ್ಲ ಎಂದು ಏಕನಿಸುತ್ತದೆ? ಅದಕ್ಕೆ ಒಂದು ತಾರೀಖು ಇದೆ. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದಾಗ ಕೆಳದಿ ಅರಸರ ಕೈಯಲ್ಲಿದ್ದ ಕರಾವಳಿ ಮೈಸೂರಿಗೆ ಬಂತು. ಅಲ್ಲಿಂದ ಮುಂದೆ ಮೂವತ್ತಾರು ವರ್ಷ ಮೈಸೂರು ಕಡಲ ರಾಜ್ಯವೂ ಆಗಿತ್ತು. ಟಿಪ್ಪುವಿನ ವ್ಯಾಪಾರದ ಕೋಠಿ ಮಸ್ಕತ್‌ನಲ್ಲಿತ್ತು. ಅವನ ರಾಯಭಾರಿಗಳು 1786ರಲ್ಲಿ ಇಸ್ತಾಂಬುಲ್‌ಗೆಂದು ಹಡಗು ಹತ್ತಿದರು, 1788ರಲ್ಲಿ ಇನ್ನೊಂದು ತಂಡ ಫ್ರಾನ್ಸಿನ ತುಲೋನ್ ಬಂದರಿನಲ್ಲಿಳಿದು 16ನೇ ಲೂಯಿಯನ್ನು ಕಂಡಿತು. ಶ್ರೀರಂಗಪಟ್ಟಣದಲ್ಲಿ 1784ರಲ್ಲಿ ಕಟ್ಟಿಸಿದ ಬೇಸಿಗೆ ಅರಮನೆಗೆ ಇಟ್ಟ ಹೆಸರು ದರಿಯಾ ದೌಲತ್, ಕಡಲ ಸಂಪತ್ತು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಕಂಪನಿಯವರು ಕರಾವಳಿಯನ್ನು ತಾವಿಟ್ಟುಕೊಂಡು ಒಡೆಯರಿಗೆ ಘಟ್ಟದ ಮೇಲಿನದನ್ನು ಬಿಟ್ಟುಕೊಟ್ಟರು. ಟಿಪ್ಪು ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಮೈಸೂರು ಒಳನಾಡಾಗಿ ಉಳಿದದ್ದು ಬೆಟ್ಟ ಅಡ್ಡ ಇದ್ದುದರಿಂದಲ್ಲ, ಗೆದ್ದವರು ಎಳೆದ ಗೆರೆಯಿಂದ.

ನಮ್ಮ ದಸರಾದಲ್ಲೂ ಕಡಲಿನ ಸುಳಿವು ಇದೆ, ಪಟ್ಟದ ಆನೆಯಲ್ಲಿ ಅಲ್ಲ, ಪಟ್ಟದ ಕುದುರೆಯಲ್ಲಿ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಶುರು ಮಾಡಿದ ದಸರಾ ವಿಜಯನಗರದ ಮಹಾನವಮಿಯ ಮುಂದುವರಿಕೆ. ವಿಜಯನಗರದ ಸೈನ್ಯಕ್ಕೆ ಬೇಕಾದ ಒಳ್ಳೆಯ ಕುದುರೆಗಳು ದಕ್ಷಿಣದ ಹವೆಯಲ್ಲಿ ತಳಿಯಾಗಿ ಬೆಳೆಯುತ್ತಿರಲಿಲ್ಲ. ಪರ್ಷಿಯನ್ ಕೊಲ್ಲಿಯ ಬಾಯಲ್ಲಿರುವ ಹೊರ್ಮುಜ್‌ನಿಂದ ಹಡಗಿನಲ್ಲಿ ಭಟ್ಕಳ, ಹೊನ್ನಾವರದಂಥ ಬಂದರುಗಳಿಗೆ ಬಂದು ಘಟ್ಟ ಹತ್ತಬೇಕಿತ್ತು. 16ನೇ ಶತಮಾನದಲ್ಲಿ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನುನಿಜ್ ಬರೆದಿರುವಂತೆ, ಸಾಳುವ ನರಸಿಂಹ ದಾರಿಯಲ್ಲಿ ಸತ್ತ ಕುದುರೆಗೂ ದುಡ್ಡು ಕೊಡುತ್ತಿದ್ದ. ಬಾಲ ತಂದು ತೋರಿಸಿದರೆ ಸಾಕು. ವ್ಯಾಪಾರಿಗೆ ನಷ್ಟವಾದರೆ ಮುಂದಿನ ವರ್ಷ ಅವನು ಕುದುರೆ ತರುವುದಿಲ್ಲ ಎಂಬ ಲೆಕ್ಕ ಅರಸನಿಗೆ ಗೊತ್ತಿತ್ತು. ಮಹಾನವಮಿಯನ್ನು ಕಣ್ಣಾರೆ ಕಂಡು ಬರೆದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಕೂಡ 1442ರಲ್ಲಿ ಹೊರ್ಮುಜ್‌ನಿಂದ ಹಡಗು ಹತ್ತಿದವನೇ. ಕಲ್ಲಿಕೋಟೆ, ಮಂಗಳೂರು ದಾಟಿ ಘಟ್ಟ ಹತ್ತಿ ಬಂದ.

ಇತ್ತೀಚೆಗೆ ಕರ್ನಾಟಕಕ್ಕೂ ಕಡಲ ನೆನಪಿನ ಒಂದು ಗುರುತು ಸಿಕ್ಕಿದೆ. 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿದ ಕೌಂಡಿನ್ಯ ಎಂಬ ಹಾಯಿ ಹಡಗಿಗೆ ಮೊಳೆ ಹೊಡೆದಿಲ್ಲ. ಅಜಂತಾದ 5ನೇ ಶತಮಾನದ ಚಿತ್ರವೊಂದನ್ನು ನೋಡಿಕೊಂಡು, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು, ಸಂದಿಗೆ ನಾರು, ಅಂಟು ತುಂಬಿ ಕಟ್ಟಿದ್ದಾರೆ. ಹೊಲಿದ ಹಲಗೆ ಅಲೆಗೆ ಒಂದಿಷ್ಟು ಬಾಗುತ್ತದೆ, ಮೊಳೆ ಹೊಡೆದದ್ದು ಬಿರಿಯುತ್ತದೆ. ಹಳೆಯ ಹಿಂದೂ ಮಹಾಸಾಗರದ ಹಡಗುಗಳು ಹೊಲಿದವಾಗಿದ್ದುದಕ್ಕೆ ಇದೂ ಒಂದು ಕಾರಣ. ಆ ಹಡಗಿನ ಹಾಯಿಯ ಮೇಲೆ ಬರೆದಿರುವುದು ಗಂಡಭೇರುಂಡ. ಗೋವೆಯ ಕದಂಬರ ನೆನಪಿಗೆ ಹಾಕಿದ್ದಂತೆ. ಅಂಬಾವಿಲಾಸ ಅರಮನೆಯಲ್ಲಿ, ಸರ್ಕಾರಿ ಬಸ್ಸಿನ ಮೇಲೆ ದಿನಾ ನೋಡುವ ನಮಗೆ ಅದರ ಗುರುತು ಹೇಳಿಕೊಡಬೇಕಿಲ್ಲ.

ಶ್ರೀರಂಗಪಟ್ಟಣದಲ್ಲಿ ಇಂಥದ್ದೊಂದು ಹಬ್ಬ ಮಾಡಬಹುದೇ ಎಂದು ಯಾರಾದರೂ ಕೇಳಿದರೆ, ಹೊಸದಾಗಿ ಹುಟ್ಟಿಸುವುದು ಬೇಡ ಎನ್ನುತ್ತೇನೆ. ಅಲ್ಲಿನ ದಸರಾದಲ್ಲೇ ಒಂದು ದಿನ, ಒಂದು ಚಪ್ಪರ ಸಾಕು. ಒಂದು ಮೂಲೆಯಲ್ಲಿ ವಿ.ಸಿ. ಫಾರಂನ ರಾಗಿ ತೆನೆಗಳು, ಇನ್ನೊಂದರಲ್ಲಿ ಕಬ್ಬು, ಎಲೆ ಅಡಿಕೆ, ಗಂಧದೆಣ್ಣೆ. ಗೋಡೆಗೊಂದು ಹಿಂದೂ ಮಹಾಸಾಗರದ ಗಾಳಿಯ ನಕ್ಷೆ. ಭಟ್ಕಳದಿಂದಲೂ ಮಂಗಳೂರಿನಿಂದಲೂ ಅಡುಗೆಯವರು ಬರಲಿ. ಭಾಷಣ ಕಡಿಮೆ ಇದ್ದಷ್ಟೂ ಒಳ್ಳೆಯದು.

ಕಟಕ್‌ಗೇ ಹೋಗಿ ನೋಡುವವರಿಗೆ ಎರಡು ಮಾತು. ಮೈಸೂರಿನಿಂದ ಹೌರಾಕ್ಕೆ ಹೋಗುವ ರೈಲು ಕಟಕ್ ಮೇಲೆಯೇ ಹಾಯುತ್ತದೆ. ಹುಣ್ಣಿಮೆಯ ಹಿಂದಿನ ದಿನವೇ ಊರು ಸೇರಿ, ಬೆಳಗಿನ ಜಾವ ಘಾಟಿಗೆ ಹೋಗಬೇಕು. ಥರ್ಮಾಕೋಲ್ ದೋಣಿಗಳೂ ಮಾರಾಟಕ್ಕಿರುತ್ತವೆ, ನದಿಗೆ ಅವು ಕೇಡು. ಬಾಳೆಪಟ್ಟೆಯದನ್ನೇ ಕೊಳ್ಳಿ. ಸಂಜೆ ಮಳಿಗೆಗಳ ಸಾಲು, ಬೆಳ್ಳಿ ತಂತಿಯ ಕುಸುರಿ ಒಡವೆ, ಜಾಯಿಂಟ್ ವೀಲ್, ದಹಿಬರಾ ಆಲೂದಮ್, ಠುಂಕಾ ಪೂರಿ, ಕಾಲಿಡಲು ಜಾಗವಿಲ್ಲದಷ್ಟು ಜನ. ಅದೂ ಚೆಂದವೇ. ಆದರೆ ಬೆಳಗಿನ ದೋಣಿಗಳನ್ನು ನೋಡದೆ ಸಂಜೆಗೆ ಮಾತ್ರ ಹೋಗಿ ಬಂದರೆ, ದೊಡ್ಡಕೆರೆ ಮೈದಾನದ ನಮ್ಮ ದಸರಾ ವಸ್ತುಪ್ರದರ್ಶನವನ್ನೇ ಒಡಿಯಾದಲ್ಲಿ ನೋಡಿ ಬಂದ ಹಾಗಾದೀತು.